ಕೂರಿಗೆಗೆ ಹಾಕಿದ ಕೊಂಡಿಗೆ ಪೇಟೆಂಟ್ ಸಿಗುತ್ತಾ?

ಪ್ರಶ್ನೆ (ಕುಷ್ಟಗಿ, ಕೊಪ್ಪಳ ಜಿಲ್ಲೆ): ನಮಸ್ಕಾರ ಸರ್. ನಮ್ಮದು ವೆಲ್ಡಿಂಗ್ ಶಾಪ್. ಇಲ್ಲಿ ಮಸಾರಿ ಹೊಲದಲ್ಲಿ ಕಲ್ಲು ಜಾಸ್ತಿ. ಟ್ರ್ಯಾಕ್ಟರ್ ಕೂರಿಗೆಯ ತಾಳು (ಮಣ್ಣು ಸೀಳಿ ಬೀಜ ಬಿಡುವ ಕಾಲು) ಕಲ್ಲಿಗೆ ಬಡಿದರೆ ಸ್ಪ್ರಿಂಗ್ ಇರುವುದರಿಂದ ಮೇಲೇಳುತ್ತದೆ. ಬೀಜ ಮಾತ್ರ ಬೀಳುತ್ತಲೇ ಇರುತ್ತದೆ, ಮಣ್ಣಿನ ಮೇಲೇ ಉಳಿಯುತ್ತದೆ. ಅದಕ್ಕೆ ಪ್ರತಿ ತಾಳಿಗೂ ಒಂದು ಕೊಂಡಿ ಕೂಡಿಸಿದ್ದೇನೆ. ತಾಳು ಎದ್ದರೆ ಬೀಜದ ಪೈಪು ಮುಚ್ಚುತ್ತದೆ. ನೋಡಿದವರೆಲ್ಲ "ಇಷ್ಟೇನಾ, ಯಾರಿಗಾದರೂ ಹೊಳೆಯುತ್ತಿತ್ತು" ಅನ್ನುತ್ತಾರೆ. ಪೇಟೆಂಟ್‌ಗೆ ಹಾಕಬಹುದಾ?

ಉತ್ತರ: ನೋಡಿದ ಮೇಲೆ ಸುಲಭ ಅನ್ನುವವರ ಮಾತಿಗೆ ಬೇಸರ ಬೇಡ. ಕಾನೂನು ಬೇರೆ ರೀತಿ ಅಳೆಯುತ್ತದೆ. ಒಬ್ಬ ಕೂರಿಗೆ ಮೇಸ್ತ್ರಿ ಇದ್ದಾನೆ ಅಂದುಕೊಳ್ಳಿ. ನೀವು ಅರ್ಜಿ ಹಾಕುವ ದಿನದವರೆಗೆ ಎಲ್ಲೇ ಪ್ರಕಟವಾದದ್ದೂ ಅವನಿಗೆ ಗೊತ್ತು, ಆದರೆ ಹೊಸದನ್ನು ಕಲ್ಪಿಸುವ ಬುದ್ಧಿ ಇಲ್ಲ. ನಿಮ್ಮ ತೊಂದರೆ ಹೇಳಿದರೆ ಅವನು ಸೀದಾ ಇದೇ ಕೊಂಡಿಗೆ ಬರುತ್ತಾನಾ? ಬಂದರೆ ಪೇಟೆಂಟ್ ಇಲ್ಲ.

ಇಲ್ಲಿ ನನಗೆ ಆತಂಕ ಇದೆ. ಈಗಿನ ಕೂರಿಗೆಗಳಲ್ಲೂ ಇಡೀ ಯಂತ್ರ ಎತ್ತಿದರೆ ನೆಲದ ಚಕ್ರ ನಿಂತು ಬೀಜವೂ ನಿಲ್ಲುತ್ತದೆ. "ಅದನ್ನೇ ಒಂದೊಂದು ತಾಳಿಗೆ ಮಾಡಿದ್ದಾರೆ" ಅಂತ ಪೇಟೆಂಟ್ ಕಚೇರಿಯ ಪರೀಕ್ಷಕರು ಬರೆಯಬಹುದು. 1966ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂದ ಗ್ರಹಾಂ–ಜಾನ್ ಡಿಯರ್ ಕೇಸು ಕಲ್ಲು ಹೊಲದ ನೇಗಿಲಿನದೇ. ನೇಗಿಲಿನ ಕಾಲನ್ನು ಹಿಂಜ್ ಪ್ಲೇಟಿನ (ಕೀಲಿನ ತಟ್ಟೆಯ) ಮೇಲಿಂದ ಕೆಳಗೆ ತಂದಿದ್ದರು. ಕಸುಬು ಬಲ್ಲವನಿಗೆ ಹೊಳೆಯುವಂಥದ್ದೇ ಅಂತ ಪೇಟೆಂಟ್ ನಿಲ್ಲಲಿಲ್ಲ. ನಮ್ಮ ಸುಪ್ರೀಂ ಕೋರ್ಟ್ ಕೂಡ 1978ರಲ್ಲಿ ಪಾತ್ರೆ ತಯಾರಿಸುವ ಲೇತಿನ ಪೇಟೆಂಟ್ ಒಂದನ್ನು ಹೀಗೇ ತಳ್ಳಿಹಾಕಿತು.

ಒಂದು ಕೇಳಬೇಕು. ಪೈಪು ಮುಚ್ಚಿದಾಗ ಮೇಲಿಂದ ಬರುವ ಬೀಜ ಏನಾಗುತ್ತದೆ?

ಪ್ರಶ್ನೆ: ಅದೇ ದೊಡ್ಡ ತಲೆನೋವಾಗಿತ್ತು ಸರ್. ಅಲ್ಲೇ ಕೂಡಿಕೊಂಡು, ತೆರೆದಾಗ ಒಂದೇ ಕಡೆ ಗುಂಪಾಗಿ ಬೀಳುತ್ತಿತ್ತು. ಬಹಳ ಒದ್ದಾಡಿ ಸರಿಮಾಡಿದೆ. ಹೇಗೆ ಅಂತ ಇಲ್ಲಿ ಬರೆಯಲಾ? ವಿಡಿಯೋನೂ ಇದೆ.

ಉತ್ತರ: ಬೇಡ, ದಯವಿಟ್ಟು ಬರೆಯಬೇಡಿ! ಅರ್ಜಿಗೆ ಮೊದಲು ಹೊರಗೆ ಬಿಟ್ಟದ್ದು ನಿಮ್ಮ ಮೇಲೇ ತಿರುಗುತ್ತದೆ. ಕೊಂಡಿಯ ವಿಷಯ ಈಗಾಗಲೇ ಎಲ್ಲರೂ ಓದುವ ಈ ಗುಂಪಿನಲ್ಲಿ ಬಂದಾಯಿತು, ಅಷ್ಟಕ್ಕೇ ನಿಲ್ಲಿಸಿ. ವಿಡಿಯೋ ಹಾಕುವುದು, ಕೃಷಿ ಮೇಳದಲ್ಲಿ ಇಡುವುದು ಕೂಡ ಸದ್ಯಕ್ಕೆ ಬೇಡ.

ನಿಮ್ಮ ಗಟ್ಟಿ ಅಂಶ ಅಲ್ಲೇ ಇದೆ ಅನ್ನಿಸುತ್ತದೆ. ಮುಚ್ಚು ಅಂತ ಯಾರಾದರೂ ಹೇಳುತ್ತಾರೆ. ಮುಚ್ಚಿದ ಮೇಲೆ ಹುಟ್ಟಿದ ತೊಂದರೆಗೆ ದಾರಿ ಹುಡುಕಿದ್ದು ನೀವು. ಏನೇನು ಮಾಡಿ ನೋಡಿದಿರಿ, ಯಾಕೆ ಆಗಲಿಲ್ಲ ಅನ್ನುವುದನ್ನೆಲ್ಲ ಬರೆದಿಡಿ. ಪರೀಕ್ಷಕರ ಆಕ್ಷೇಪಕ್ಕೆ ಉತ್ತರಿಸುವಾಗ ಅದೇ ಕೈಹಿಡಿಯುತ್ತದೆ. ಬೀಜ ಎಷ್ಟು ಉಳಿಯುತ್ತದೆ ಅನ್ನುವ ಲೆಕ್ಕವೂ ಇರಲಿ, ಆದರೆ ಉಳಿತಾಯ ಒಂದೇ ಸಾಲದು.

ಈ ವಾರವೇ ತಾತ್ಕಾಲಿಕ ಅರ್ಜಿ ಹಾಕಿ. ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. ನಮಗೆ ಚೆನ್ನೈ ಪೇಟೆಂಟ್ ಕಚೇರಿ, ಆನ್‌ಲೈನ್‌ನಲ್ಲೇ ಆಗುತ್ತದೆ.