ಕೊನೆಯ ಪುಟದಲ್ಲಿ ಮೊಲ ಒಂಟಿ

ದೊಡ್ಡಮ್ಮ: ಈ ಮಕ್ಕಳ ಚಿತ್ರಪುಸ್ತಕದ ಪಿಡಿಎಫ್ ನೋಡಿ. ಮೊಲದ ಮರಿ ಆಟಿಕೆಯನ್ನು ಯಾರಿಗೂ ಕೊಡುವುದಿಲ್ಲ, ಕೊನೆಗೆ ಗೆಳೆಯರೆಲ್ಲ ಬಿಟ್ಟು ಹೋಗುತ್ತಾರೆ. ಚಿತ್ರಗಳು ಎಷ್ಟು ಮುದ್ದಾಗಿವೆ! ಮಕ್ಕಳಿಗೆ ದಿನಾ ತೋರಿಸಿ.

ಭಾವ: ಇಂಥದ್ದೇ ಬೇಕಿತ್ತು.

ನಾನು: ದೊಡ್ಡಮ್ಮ, ಬೇಜಾರು ಮಾಡಿಕೊಳ್ಳಬೇಡಿ. ಈಗಷ್ಟೇ ಮಗಳಿಗೆ ಓದಿದೆ. ಅವಳಿಗಿನ್ನೂ 3 ವರ್ಷ. ಕೊನೆಯ ಪುಟ ನೋಡಿ ಅತ್ತುಬಿಟ್ಟಳು. ಆಟಿಕೆಯ ಮಾತೇ ಎತ್ತಲಿಲ್ಲ. “ಮೊಲದ ಅಮ್ಮ ಎಲ್ಲಿ?” ಅಂತ ಕೇಳಿದಳು.

ಭಾವ: ಸ್ವಲ್ಪ ಹೆದರಿಕೆ ಇರಲಿ ಬಿಡು. ನಾವೆಲ್ಲ ‘ತೋಳ ಬಂತು ತೋಳ’ ಕೇಳಿಯೇ ಬೆಳೆದವರು ಅಲ್ವಾ?

ನಾನು: ಆ ಕತೆಯನ್ನೇ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಗಿದೆ, ಭಾವ. 3ರಿಂದ 7 ವರ್ಷದ ಮಕ್ಕಳು. ನೋಡಬೇಡ ಎಂದಿದ್ದ ಆಟಿಕೆಯನ್ನು ಕದ್ದು ನೋಡಿದ್ದರು. ತೋಳದ ಕತೆ ಕೇಳಿದ ಮೇಲೂ ನಿಜ ಒಪ್ಪಿಕೊಳ್ಳುವವರು ಜಾಸ್ತಿಯಾಗಲಿಲ್ಲ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಚಿಕ್ಕವನಿದ್ದಾಗ ಚೆರ್ರಿ ಮರ ಕಡಿದು, ಅಪ್ಪನ ಮುಂದೆ ನಿಜ ಹೇಳಿ ಶಭಾಷ್ ಅನ್ನಿಸಿಕೊಂಡ ಕತೆ ಇದೆಯಲ್ಲ, ಅದನ್ನು ಕೇಳಿದವರಲ್ಲಿ ಜಾಸ್ತಿಯಾದರು. ಅದೇ ಕತೆಯ ಕೊನೆಯನ್ನು ಬದಲಿಸಿ, ಸುಳ್ಳಿಗೆ ಕೆಟ್ಟದ್ದಾಯಿತು ಅಂತ ಹೇಳಿದಾಗ ಆ ಫಲ ಸಿಗಲಿಲ್ಲ.

ಅಕ್ಕ: ಮೊಲದ ಜಾಗದಲ್ಲಿ ಮಗು ಇದ್ದಿದ್ದರೂ ಬೇರೆ ಆಗುತ್ತಿತ್ತೇನೋ. ಕೆನಡಾದ ಟೊರಾಂಟೊದಲ್ಲಿ ಸಂಶೋಧಕರು 4ರಿಂದ 6 ವರ್ಷದವರಿಗೆ ಹಂಚಿಕೊಳ್ಳುವ ಕತೆ ಓದಿದ್ದರು. ಪ್ರಾಣಿಗಳ ಚಿತ್ರ ನೋಡಿದವರಿಗಿಂತ ಮನುಷ್ಯರ ಚಿತ್ರ ನೋಡಿದವರು ತಮ್ಮ ಸ್ಟಿಕರ್‌ಗಳನ್ನು ಜಾಸ್ತಿ ಕೊಟ್ಟರು.

ಭಾವ: ನಾನು ಒಪ್ಪುವುದಿಲ್ಲ. ತಪ್ಪು ಮಾಡಿದರೆ ಏನಾಗುತ್ತದೆ ಅಂತ ಮಗುವಿಗೆ ಗೊತ್ತಾಗಲೇಬೇಕು.

ನಾನು: ಗೊತ್ತಾಗಲಿ. ಆದರೆ ತಪ್ಪಿನಿಂದ ವಾಪಸ್ ಬರುವ ದಾರಿಯೂ ಚಿತ್ರದಲ್ಲಿ ಕಾಣಬೇಕು. ಇನ್ನೊಮ್ಮೆ ತಿರುವಿ ನೋಡಿ, ಇಡೀ ಪುಸ್ತಕದಲ್ಲಿ ಮೊಲ ‘ಸಾರಿ’ ಹೇಳುವ ಪುಟವೇ ಇಲ್ಲ. ‘ತಗೋ, ನೀನೂ ಆಡು’ ಅನ್ನುವ ಪುಟವೂ ಇಲ್ಲ. ಮಗು ಯಾವುದನ್ನು ನೋಡಿ ಕಲಿಯಬೇಕು?

ದೊಡ್ಡಮ್ಮ: ಹಾಗಾದರೆ ನಾನು ನಿಮಗೆಲ್ಲ ಅಷ್ಟು ಓದಿದ್ದು ಸುಮ್ನೆ ಆಯಿತಾ?

ನಾನು: ಅಯ್ಯೋ, ಇಲ್ಲ ದೊಡ್ಡಮ್ಮ! ನೀವು ಪುಟಪುಟಕ್ಕೂ ನಿಲ್ಲಿಸುತ್ತಿದ್ದಿರಿ. “ಇವನ ಹುಬ್ಬು ನೋಡು, ಯಾಕೆ ಹೀಗಿದೆ?” ಅಂತ ಕೇಳುತ್ತಿದ್ದಿರಿ. ನಾನೂ ಹುಬ್ಬು ಗಂಟು ಹಾಕಿ ಯೋಚಿಸುತ್ತಿದ್ದೆ. ನನ್ನ ಮನಸ್ಸಿನಲ್ಲಿ ಕೂತಿರುವುದು ಅದು. ನಾನು ಇವತ್ತು ಗಡಿಬಿಡಿಯಲ್ಲಿ ಓದಿ ಮುಗಿಸಿದೆ, ಅದು ನನ್ನದೇ ತಪ್ಪು.

ದೊಡ್ಡಮ್ಮ: ಸಂಜೆ ವಿಡಿಯೋ ಕಾಲ್ ಮಾಡು. ನಾನೇ ಓದುತ್ತೇನೆ. ಮೊಲದ ಅಮ್ಮನನ್ನೂ ಕರೆತರುತ್ತೇನೆ ಅಂತ ಅವಳಿಗೆ ಹೇಳು.