ಸಮಾಧಾನದ ಮಾತು ಆಡಿದರೆ ಕ್ಲೈಂಟ್ ಯಾಕೆ ಬಿಗಿಯಾಗುತ್ತಾರೆ?

ಪ್ರಶ್ನೆ (ಆಪ್ತಸಮಾಲೋಚನೆ ಕಲಿಯುತ್ತಿರುವವರು):
ನಮಸ್ಕಾರ ಮೇಡಂ. ಕ್ಲೈಂಟ್ ಪ್ರತಿ ಮಾತಿಗೂ ‘ತಪ್ಪೆಲ್ಲ ನಂದೇ, ನಾನೇ ಸರಿ ಇಲ್ಲ’ ಅಂತಾರೆ. ‘ಹಾಗೇನಿಲ್ಲ, ನೀವು ತುಂಬಾ ಒಳ್ಳೆಯವರು’ ಅಂದರೆ ಮುಖ ಬಿಗಿದುಕೊಂಡು ಮಾತೇ ನಿಲ್ಲಿಸುತ್ತಾರೆ. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್):
ಕ್ಲೈಂಟ್‌ನ ವಯಸ್ಸು, ಊರು, ಕೆಲಸ ಬರೆಯದೆ ಕೇಳಿದ್ದೀರಿ, ಒಳ್ಳೆಯದಾಯಿತು. ಈ ಗುಂಪಿನಲ್ಲಿ ಎಲ್ಲರೂ ಹೀಗೇ ಕೇಳಿ.

ನೀವು ಹೇಳಿದ್ದು ಸಮಾಧಾನ. ಅವರಿಗೆ ಕೇಳಿಸಿದ್ದು ‘ನಿಮ್ಮ ಮಾತು ಸಾಕು’ ಅಂತ. ಇದು ಮೇಲಿನ ಕಾರಣ. ಒಳಗಿನದು ಬೇರೆ. ಬೈಸಿಕೊಂಡೇ ಬೆಳೆದವರಿಗೆ ಅಕ್ಕರೆಯ ಮಾತು ಬಿದ್ದ ಕೂಡಲೇ, ಇದರ ಹಿಂದೆ ಏನು ಕಾದಿದೆಯೋ ಎಂಬ ಭಯ ಏಳುತ್ತದೆ. ಇಲ್ಲವೇ, ಇಷ್ಟು ವರ್ಷ ಸಿಗದೇ ಹೋದದ್ದರ ದುಃಖ ಒಮ್ಮೆಲೇ ಉಕ್ಕುತ್ತದೆ. ಬ್ರಿಟನ್ನಿನ ಸೈಕಾಲಜಿಸ್ಟ್ ಪಾಲ್ ಗಿಲ್ಬರ್ಟ್ ರೂಪಿಸಿದ ಕಂಪ್ಯಾಷನ್ ಫೋಕಸ್ಡ್ ಥೆರಪಿಯಲ್ಲಿ (ತನ್ನ ಮೇಲೂ ಕರುಣೆ ಬೆಳೆಸಿಕೊಳ್ಳಲು ಕಲಿಸುವ ಚಿಕಿತ್ಸೆ) ಇದನ್ನು ಕರುಣೆಯ ಭಯ ಎಂದೇ ಗುರುತಿಸುತ್ತಾರೆ. ಅವರ ಪ್ರಕಾರ ನಮ್ಮ ಭಾವನೆಗಳ ಹಿಂದೆ ಮೂರು ವ್ಯವಸ್ಥೆಗಳಿವೆ: ಅಪಾಯ ಕಾಯುವುದು, ಬೇಕಾದ್ದರ ಬೆನ್ನು ಹತ್ತುವುದು, ನೆಮ್ಮದಿ ಕೊಡುವುದು. ತನ್ನನ್ನೇ ಹಳಿದುಕೊಳ್ಳುವವರಲ್ಲಿ ಮೊದಲನೆಯದು ಸದಾ ಎಚ್ಚರ, ಮೂರನೆಯದಕ್ಕೆ ಅಭ್ಯಾಸವೇ ಇಲ್ಲ.

ಅದಕ್ಕೇ ಹೊಗಳಿಕೆ ಬಿಡಿ, ಉಸಿರಿನಿಂದ ಶುರು ಮಾಡಿ. ಪಾದ ಎರಡೂ ನೆಲಕ್ಕೆ, ಬೆನ್ನು ಕುರ್ಚಿಗೆ. ಕಣ್ಣು ಮುಚ್ಚಲೇಬೇಕೆಂದಿಲ್ಲ, ನೆಲದ ಮೇಲೆ ಒಂದು ಕಡೆ ನೋಡುತ್ತಿದ್ದರೆ ಸಾಕು. 5 ಸೆಕೆಂಡ್ ಒಳಗೆ, 5 ಸೆಕೆಂಡ್ ಹೊರಗೆ, ನಿಮಿಷಕ್ಕೆ ಸುಮಾರು 6 ಉಸಿರು. ಮೊದಲ ಸಲ 1–2 ನಿಮಿಷ ಮೀರಬೇಡಿ. ಕೆಲವರಿಗೆ, ಅದರಲ್ಲೂ ಪ್ಯಾನಿಕ್ ಅಥವಾ ಆಸ್ತಮಾ ಇರುವವರಿಗೆ, ಉಸಿರು ಗಮನಿಸಿದರೇ ಗಾಬರಿ ಹೆಚ್ಚುತ್ತದೆ. ಆಗ ಉಸಿರಿನ ಗೊಡವೆ ಬಿಟ್ಟು ಪಾದದ ಸ್ಪರ್ಶಕ್ಕೋ ಕೈಯಲ್ಲಿ ಹಿಡಿದ ವಸ್ತುವಿಗೋ ಗಮನ ತನ್ನಿ.

ಆಮೇಲೆ ಆ ಹಳಿಯುವ ದನಿಯ ವಿಚಾರ. ಅದರ ಜೊತೆ ವಾದಕ್ಕಿಳಿಯಬೇಡಿ, ಅದರ ಕೆಲಸ ಏನೆಂದು ಕೇಳಿ: ‘ನಿಮ್ಮನ್ನು ನೀವು ಬೈದುಕೊಳ್ಳೋದು ನಾಳೆಯಿಂದ ನಿಂತರೆ ಏನಾಗಬಹುದು ಅಂತ ಭಯ?’ ‘ಸೋಮಾರಿಯಾಗ್ತೀನಿ’, ‘ಬೇರೆಯವರು ಬೈಯೋಕೆ ಮುಂಚೆ ನಾನೇ ಬೈದುಕೊಂಡ್ರೆ ನೋವು ಕಮ್ಮಿ’, ಹೀಗೆ ಉತ್ತರ ಬರುತ್ತದೆ. ನಿಮಗೆ ನಿಜವಾದ ದಾರಿ ತೆರೆಯುವುದು ಅಲ್ಲಿ. ‘ಚಿಕ್ಕಂದಿನಲ್ಲಿ ಬೇರೆ ದಾರಿ ಇರಲಿಲ್ಲ, ಹೀಗೆ ಕಾಪಾಡಿಕೊಂಡಿರಿ’ ಎಂಬ ಮಾತು ಹೊಗಳಿಕೆಗಿಂತ ಆಳಕ್ಕೆ ಇಳಿಯುತ್ತದೆ. ತನಗೇ ಅಕ್ಕರೆಯಿಂದ ಪತ್ರ ಬರೆಯುವ ಅಭ್ಯಾಸವನ್ನು ಇದೆಲ್ಲ ಆದ ಮೇಲೆ ಕೊಡಿ. ಅವಸರ ಮಾಡಿದರೆ ಪತ್ರವೂ ಬೈಗುಳವಾಗಿಯೇ ಬರುತ್ತದೆ.

ಅತ್ತ ಕೂಡಲೇ ಟಿಶ್ಯೂ ಮುಂದೆ ಚಾಚಬೇಡಿ. ‘ಅಳು ನಿಲ್ಲಿಸಿ’ ಎಂದ ಹಾಗಾಗುತ್ತದೆ. ಕೈಗೆಟುಕುವಲ್ಲಿ ಮೊದಲೇ ಇಟ್ಟಿರಿ. ಕೊನೆಯ 5 ನಿಮಿಷದಲ್ಲಿ ‘ಇವತ್ತು ನಾನು ಹೇಳಿದ್ದರಲ್ಲಿ ಯಾವುದು ಸರಿಹೋಗಲಿಲ್ಲ?’ ಎಂದು ಕೇಳಿ. ‘ಎಲ್ಲಾ ಚೆನ್ನಾಗಿತ್ತು’ ಅಂದರೂ ಮುಂದಿನ ಸಲ ಮತ್ತೆ ಕೇಳಿ.

ಪ್ರಶ್ನೆ (ಸದಸ್ಯೆ):
ಸರ್, ನಮ್ಮನೆಯವರು ಕುಡಿತ ಬಿಡೋಕೆ ಕೌನ್ಸೆಲಿಂಗ್‌ಗೆ ಹೋಗ್ತಿದ್ದಾರೆ. ಅಲ್ಲಿ ಯಾರೂ ಗಟ್ಟಿಯಾಗಿ ಹೇಳೋದೇ ಇಲ್ಲ. ಹೀಗೆ ಮೆತ್ತಗೆ ಮಾತಾಡಿದರೆ ಬಿಡ್ತಾರಾ?

ಉತ್ತರ (ವ್ಯಸನ ಚಿಕಿತ್ಸೆಯಲ್ಲಿರುವ ಸೈಕಾಲಜಿಸ್ಟ್):
ನಿಮ್ಮ ಸಂಕಟ ಅರ್ಥವಾಗುತ್ತದೆ ಅಮ್ಮಾ. ಆದರೆ ‘ಬಿಡಲೇಬೇಕು’ ಎಂದು ನಾವು ಒತ್ತಿದಷ್ಟೂ ‘ಅಷ್ಟೇನೂ ಕುಡಿಯಲ್ಲ’ ಎಂದು ಅವರು ಸಮರ್ಥಿಸಿಕೊಳ್ಳುತ್ತಾರೆ. ಬಿಡುವ ಕಾರಣ ಅವರ ಬಾಯಿಂದಲೇ ಬರಬೇಕು. ಸೈಕಾಲಜಿಸ್ಟ್‌ಗಳಾದ ಮಿಲ್ಲರ್ ಮತ್ತು ರೋಲ್ನಿಕ್ ಬೆಳೆಸಿದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಎಂಬ ಮಾತುಕತೆಯ ವಿಧಾನದಲ್ಲಿ ಹೀಗೆ ಕೇಳುತ್ತಾರೆ: ‘ಬಿಡೋದು ನಿಮಗೆ 0ಯಿಂದ 10ರಲ್ಲಿ ಎಷ್ಟು ಮುಖ್ಯ?’ 4 ಅಂದರೆ, ‘2 ಯಾಕಲ್ಲ?’ ಆಗ ಮಗಳ ಹೆಸರೋ ಹೊಟ್ಟೆ ನೋವೋ ತಾನಾಗಿ ಬಾಯಿಗೆ ಬರುತ್ತದೆ. ‘10 ಯಾಕಲ್ಲ?’ ಎಂದು ಕೇಳಿಬಿಟ್ಟರೆ ನೆಪಗಳೇ ಬರುತ್ತವೆ.

ಒಂದು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವರು ಡಾಕ್ಟರನ್ನು ಕಾಣದೆ ಏಕಾಏಕಿ ನಿಲ್ಲಿಸಬಾರದು. ಮೊದಲ 2 ದಿನದಲ್ಲಿ ಫಿಟ್ಸ್ ಬರಬಹುದು. 2ರಿಂದ 4ನೇ ದಿನದೊಳಗೆ ಕೈನಡುಕ, ಬೆವರು, ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ (ಮೊದಲಿನವರು):
ಮೇಡಂ, ಸಾಯುವ ಮಾತು ಬಂದರೆ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್):
ನೇರವಾಗಿ ಕೇಳಿ: ‘ಜೀವ ಕಳಕೊಳ್ಳಬೇಕು ಅಂತ ಅನಿಸ್ತಿದೆಯಾ?’ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಜಾಗ ಸಿಗುತ್ತದೆ. ‘ಮಕ್ಕಳ ಮುಖ ನೋಡಿ’ ಎಂದು ಮಾತ್ರ ಹೇಳಬೇಡಿ, ನಾಚಿಕೆ ಇನ್ನೂ ಹೆಚ್ಚುತ್ತದೆ. ಹೇಗೆ ಎಂದು ಯೋಚಿಸಿದ್ದಾರೆಯೇ, ಯಾವಾಗ, ಅದು ಕೈಗೆ ಸಿಗುವಂತಿದೆಯೇ ಎಂದು ವಿಚಾರಿಸಿ. ಹಳ್ಳಿಮನೆಯಾದರೆ ಕೀಟನಾಶಕ ಎಲ್ಲಿಟ್ಟಿದ್ದಾರೆಂದು ಕೇಳಲೇಬೇಕು, ಅದು ಅವತ್ತೇ ಮನೆಯಿಂದ ಹೊರಗೆ ಹೋಗಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೌಪ್ಯತೆಯ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯ ಇದ್ದಾಗಲೂ ಸೇರಿ ಕೆಲವು ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿ ಇದೆ. ಇದನ್ನು ಮೊದಲ ಸೆಷನ್ನಿನಲ್ಲೇ ತಿಳಿಸಿರಿ, ಮನೆಯವರಿಗೆ ಫೋನ್ ಮಾಡುವಾಗ ಕ್ಲೈಂಟ್ ಎದುರಿಗೇ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ನಂಬರ್ ಹೇಳಿ ಸುಮ್ಮನಾಗಬೇಡಿ, ಅವರು ಎದ್ದು ಹೋಗುವ ಮುಂಚೆ ಫೋನಿನಲ್ಲಿ ಸೇವ್ ಮಾಡಿಸಿ. ಅದೇ ದಿನ ನಿಮ್ಮ ಸೂಪರ್‌ವೈಸರ್‌ಗೂ ತಿಳಿಸಿ.