ಅರಿಝೋನಾದಿಂದ ಬಂದ ಗೊಂಬೆ, ದಸರಾಕ್ಕೆ ಕೂರಿಸಬಹುದಾ?

ಚಿಂತಾಮಣಿ ಅತ್ತಿಗೆ:
ನಮ್ಮ ಮೈದುನ ಅಮೆರಿಕದ ಫೀನಿಕ್ಸ್‌ನಿಂದ ಬಂದಾಗ ಒಂದು ಮರದ ಗೊಂಬೆ ತಂದಿದ್ದಾನೆ. ಒಂದು ಗೇಣು ಉದ್ದ, ಹಸಿರು ಮುಖ, ಗೀಟು ಎಳೆದಂಥ ಕಣ್ಣು. ಎರಡೂ ಕೈ ಹೊಟ್ಟೆಗೆ ಒತ್ತಿಕೊಂಡಿದೆ. ಕುತ್ತಿಗೆಗೆ ದಾರ ಇದೆ, ಕಾಲ ಕೆಳಗೆ ಪೀಠ ಇಲ್ಲ, ನಿಲ್ಲಿಸಿದರೆ ಬೀಳುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಹೋಪಿ ಜನರ ಕತ್ಸಿನಾ ಅಂತೆ. ಪಟ್ಟದ ಗೊಂಬೆ ಪಕ್ಕ ಕೂರಿಸೋಣ ಅಂತ ನಾನು, ಯಾವ ದೇವರೋ ಏನೋ ಬೇಡ ಅಂತ ನಮ್ಮತ್ತೆ. ಇದು ದೇವರಾ, ಆಟದ ಗೊಂಬೆಯಾ? ಅಸಲಿ ಅಂತ ಹೇಗೆ ತಿಳಿಯೋದು?

ಶಿರಾ ಹುಡುಗ:
ಅಕ್ಕ, ಎರಡೂ ಅಲ್ಲ. ಕತ್ಸಿನಾ ಅಂದರೆ ಮಳೆ ತರುವ ಚೇತನಗಳು, ಇನ್ನೂರಕ್ಕೂ ಜಾಸ್ತಿ ಬಗೆ ಇವೆ. ಗೊಂಬೆಗೆ ಹೋಪಿಗಳು ಹೇಳುವುದು ತಿಹು. ಫೆಬ್ರುವರಿಯ ಕಾಳಿನ ಕುಣಿತದಲ್ಲಿ, ಜುಲೈಯ ನಿಮಾನ್ ಹಬ್ಬದಲ್ಲಿ ಕತ್ಸಿನಾ ವೇಷದಲ್ಲಿ ಬಂದವರೇ ಹೆಣ್ಣುಮಕ್ಕಳ ಕೈಗೆ ಕೊಡುತ್ತಾರೆ. ನಿಮಾನ್ ಆದ ಮೇಲೆ ಆ ಚೇತನಗಳು ಅರಿಝೋನಾದ್ದೇ ಆದ ಸ್ಯಾನ್ ಫ್ರಾನ್ಸಿಸ್ಕೋ ಶಿಖರಗಳಿಗೆ ವಾಪಸ್. ಫ್ಲ್ಯಾಗ್‌ಸ್ಟಾಫ್‌ನಲ್ಲಿದ್ದಾಗ ಆ ಬೆಟ್ಟ ನನಗೆ ದಿನಾ ಕಾಣುತ್ತಿತ್ತು. ಪೂಜೆ ಗೀಜೆ ಇಲ್ಲ, ಮಕ್ಕಳು ನೋಡಿ ಕಲಿಯಲಿ ಅಂತ ಗೋಡೆಗೆ ನೇತು ಹಾಕುತ್ತಾರೆ. ದಾರ ಅದಕ್ಕೇ.

ಗುಬ್ಬಿ ಬಡಗಿ:
ಯಾವ ಮರ? ಚನ್ನಪಟ್ಟಣದವರ ಹಾಲೆ ಮರದ ಥರ ಇರುತ್ತಾ?

ಶಿರಾ ಹುಡುಗ:
ಕಾಟನ್‌ವುಡ್ ಬೇರು ಸರ್. ಹತ್ತಿಗೂ ಅದಕ್ಕೂ ಸಂಬಂಧ ಇಲ್ಲ, ಬೀಜದ ಜೊತೆ ಅರಳೆ ಹಾರುತ್ತದೆ ಅಷ್ಟೆ. ಹೊಳೆ ದಂಡೆಯ ಮರ, ಬೇರು ನೀರು ಹುಡುಕಿಕೊಂಡು ಹೋಗುತ್ತದೆ, ಮಳೆ ಬೇಡುವವರಿಗೆ ಅದೇ ಮುಖ್ಯ. ಒಣಗಿದ ಬೇರು ತುಂಬಾ ಹಗುರ, ಕೆತ್ತಿ, ಉಜ್ಜಿ, ಬಿಳಿ ಜೇಡಿ ಬಳಿದು ಆಮೇಲೆ ಬಣ್ಣ.
ಅಕ್ಕ, ಅಸಲಿ ವಿಷಯ: ಎತ್ತಿ ನೋಡಿ, ಭಾರ ಇದ್ದರೆ, ಚರ್ಮ, ತುಪ್ಪಳ ಅಂಟಿಸಿದ್ದರೆ ಅನುಮಾನ ಪಡಿ. ಬೇರೆಯವರು ಮಾಡಿದ್ದನ್ನು ಹೋಪಿಗಳದು ಅಂತ ಮಾರುವುದು ಅಮೆರಿಕದ 1990ರ ಕಾಯ್ದೆ ಪ್ರಕಾರ ಅಪರಾಧ, ಆದರೂ ಮಾರುತ್ತಾರೆ. ಇನ್ನು ನಿಜವಾದ ಕತ್ಸಿನಾ ಹೊರಗಿನವರಿಗೆ ಹೋಗಬಾರದು ಅಂತ, ಹೋಪಿಗಳ ಒರೈಬಿ ಊರಿನ ಹಿಂದಿನ ಮುಖ್ಯಸ್ಥ ತವಾಕ್ವಾಪ್‌ತೆವಾ ಒಂದು ಉಪಾಯ ಮಾಡಿದ್ದ. ಮಾರೋಕೆ ಕೆತ್ತುವಾಗ ಒಂದು ಕತ್ಸಿನಾದ ಕಿವಿ, ಇನ್ನೊಂದರ ಮೂತಿ ಬೆರೆಸಿಬಿಡುತ್ತಿದ್ದ, ಕೊಂಡವನ ಕೈಗೆ ನಿಜವಾದ ಕತ್ಸಿನಾ ಹೋಗುತ್ತಲೇ ಇರಲಿಲ್ಲ! ಮೈದುನನಿಗೆ ಫೀನಿಕ್ಸ್‌ನಲ್ಲೇ ಇರುವ ಹರ್ಡ್ ಮ್ಯೂಸಿಯಂಗೆ ಹೋಗೋಕೆ ಹೇಳಿ, ಸೆನೆಟರ್ ಗೋಲ್ಡ್‌ವಾಟರ್ 1964ರಲ್ಲಿ ಕೊಟ್ಟ 437 ಗೊಂಬೆ ಇವೆ.

ಮಾಲೂರು ಸರೋಜಮ್ಮ:
ಮಳೆ ಅಂದಿದ್ದಕ್ಕೆ ನೆನಪಾಯಿತು. ನಾವು ಸಣ್ಣವರಿದ್ದಾಗ ಮಳೆ ಹೋದರೆ ಹಲಗೆ ಮೇಲೆ ಮಣ್ಣಿನ ಮಳೆರಾಯನನ್ನು ಕೂರಿಸಿ ಮನೆ ಮನೆಗೆ ಹೊರುತ್ತಿದ್ದೆವು, ಎಲ್ಲರೂ ತಲೆ ಮೇಲೆ ನೀರು ಸುರಿಯೋರು, ಮಣ್ಣು ಕರಗಿ ಕಣ್ಣಿಗೆ ಇಳಿಯೋದು. ಅದನ್ನೂ ಯಾರೂ ದಸರಾಕ್ಕೆ ಕೂರಿಸಲಿಲ್ಲ. ಗೋಡೆಗೇ ಹಾಕಮ್ಮ.

ಚಿಂತಾಮಣಿ ಅತ್ತಿಗೆ:
ಎತ್ತಿ ನೋಡಿದೆ, ಹಗುರವೇ ಇದೆ. ಇದನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ಮೊಳೆ ಹೊಡೆಯೋಕೆ ಜಾಗ ಅವರೇ ತೋರಿಸಿದರು, ಅವರ ಮಂಚದ ಮೇಲೆ. ಈಗ ದಸರಾಕ್ಕೆ ಕೇಳಿದರೂ ಕೊಡಲ್ಲವಂತೆ.